ನ್ಯಾಯಮೂರ್ತಿ ನಿಟ್ಟೂರು ಶ್ರೀನಿವಾಸರಾಯರು

ಅಪರಾಧಿಯನ್ನು ಹುಡುಕುವುದು ಒಂದು ಕೆಲಸ. ಹುಡುಕಿ ತಂದವನು ನಿಜವಾಗಿಯೂ ಅಪರಾಧಿಯೇ ಎಂದು ತೂಗಿ ನೋಡುವುದು ಇನ್ನೊಂದು ಕೆಲಸ. ನಾಗರಿಕ ಸಮಾಜವು ಈ ಎರಡನ್ನೂ ಬೇರೆ ಬೇರೆ ಕೈಗಳಲ್ಲಿ ಇರಿಸಿದೆ. ಮೊದಲನೆಯದು ಪೊಲೀಸರಿಗೂ ತನಿಖಾಧಿಕಾರಿಗಳಿಗೂ ಸೇರಿದ್ದು. ಎರಡನೆಯದು ನ್ಯಾಯಾಧೀಶನಿಗೆ ಸೇರಿದ್ದು. ಹುಡುಕುವವನಿಗೆ ಸಂಶಯವೇ ದಾರಿದೀಪ. ತೂಗುವವನಾದರೋ ಸಂಶಯದ ಲಾಭವನ್ನು ಆರೋಪಿಗೆ ಬಿಟ್ಟುಕೊಡಬೇಕು. ಒಬ್ಬನು ಬಾಗಿಲು ಬಾಗಿಲಿಗೆ ಹೋಗಿ ಸಾಕ್ಷ್ಯವನ್ನು ಅರಸಿದರೆ, ಮತ್ತೊಬ್ಬನು ತನ್ನ ಪೀಠದಲ್ಲಿ ಕುಳಿತು ಎರಡು ಪಕ್ಷಗಳ ಮಾತನ್ನೂ ಸಮಚಿತ್ತದಿಂದ ಆಲಿಸುತ್ತಾನೆ. ಈ ಎರಡು ಮನೋಧರ್ಮಗಳು ಒಬ್ಬ ವ್ಯಕ್ತಿಯಲ್ಲಿ ಕೂಡಿಬರುವುದು ವಿರಳ. ಅಂಥ ವಿರಳ ಹೊಣೆಯನ್ನು ಹೊತ್ತವರು ನ್ಯಾಯಮೂರ್ತಿ ನಿಟ್ಟೂರು ಶ್ರೀನಿವಾಸರಾಯರು. ಮೈಸೂರು ರಾಜ್ಯದ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿ ನಿವೃತ್ತರಾದ ಅವರು, ಕೇಂದ್ರ ಸರಕಾರದ ಆಡಳಿತದಲ್ಲಿ ಲಂಚಗುಳಿತನವನ್ನು ತಡೆಯಲೆಂದು ಸ್ಥಾಪಿತವಾದ ಕೇಂದ್ರ ಜಾಗೃತ ಆಯೋಗದ ಮೊತ್ತಮೊದಲ ಆಯುಕ್ತರಾದರು.

ಶ್ರೀನಿವಾಸರಾಯರು 1903ನೆಯ ಇಸವಿ ಆಗಸ್ಟ್ 24ರಂದು ಜನಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರು ಸಂಸ್ಥಾನದ ಅಧಿಕಾರ ಸೂತ್ರಗಳನ್ನು ವಹಿಸಿಕೊಂಡು ಆಗ ಒಂದು ವರ್ಷವಷ್ಟೇ ಕಳೆದಿತ್ತು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿದ್ದೂ ಅದರ ಹಿಂದಿನ ವರ್ಷವೇ. ಅವರ ಬಾಲ್ಯ ಕಳೆಯುವುದರೊಳಗೆ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪಗಳು ಬಂದವು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತೂ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಸ್ಥಾಪನೆಯಾದವು. ಹೊಸ ಶಾಲೆ, ಹೊಸ ಕಾರ್ಖಾನೆ, ಹೊಸ ಅಣೆಕಟ್ಟುಗಳ ಆ ಕಾಲದಲ್ಲಿ ಬೆಳೆದ ತರುಣರಿಗೆ ನಾಡನ್ನು ಕಟ್ಟುವ ಕೆಲಸ ಕಣ್ಣೆದುರಿನಲ್ಲಿಯೇ ಕಾಣುತ್ತಿತ್ತು. ಸಾರ್ವಜನಿಕ ಸೇವೆಯೆಂಬುದು ಅವರ ಪಾಲಿಗೆ ಪುಸ್ತಕದ ಮಾತಾಗಿರಲಿಲ್ಲ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಶ್ರೀನಿವಾಸರಾಯರು ಮುಂದೆ ಕಾನೂನಿನ ವ್ಯಾಸಂಗಕ್ಕೆ ತೊಡಗಿದರು. ಆ ದಿನಗಳಲ್ಲಿ ಮೈಸೂರು ಸಂಸ್ಥಾನದಲ್ಲಿ ಕಾನೂನು ಕಾಲೇಜು ಇರಲಿಲ್ಲ. ಬೆಂಗಳೂರಿನ ಸರಕಾರಿ ಕಾನೂನು ಕಾಲೇಜು ಪ್ರಾರಂಭವಾದದ್ದು 1948ರಲ್ಲಿ. ಅಲ್ಲಿಯವರೆಗೆ ವಕೀಲರಾಗಬಯಸಿದ ಮೈಸೂರಿನ ತರುಣರು ಮದರಾಸು, ಮುಂಬಯಿ, ಪುಣೆಗಳಂಥ ದೂರದ ನಗರಗಳಿಗೆ ಹೋಗಿ ಕಲಿತು ಬರಬೇಕಾಗಿತ್ತು. ಹೀಗೆ ಕಲಿತು ಬಂದು ಅವರು ಬೆಂಗಳೂರಿನಲ್ಲಿ ವಕೀಲಿ ವೃತ್ತಿಯನ್ನು ಕೈಗೊಂಡರು.

ಅದು ಗಾಂಧೀಯುಗ. 1927ರಲ್ಲಿ ಅಸ್ವಸ್ಥರಾಗಿದ್ದ ಗಾಂಧೀಜಿಯವರು ವಿಶ್ರಾಂತಿಗಾಗಿ ನಂದಿಬೆಟ್ಟಕ್ಕೂ ಅನಂತರ ಬೆಂಗಳೂರಿಗೂ ಬಂದು ಹಲವು ತಿಂಗಳು ಸಂಸ್ಥಾನದಲ್ಲಿ ತಂಗಿದ್ದರು. ಖಾದಿ, ಸ್ವದೇಶಿ, ಅಸ್ಪೃಶ್ಯತಾ ನಿವಾರಣೆಗಳ ಸಂದೇಶ ಇಲ್ಲಿಯ ವಿದ್ಯಾವಂತರ ಮನಸ್ಸನ್ನು ಹೊಕ್ಕಿತು. ಶ್ರೀನಿವಾಸರಾಯರೂ ಆ ವಿಚಾರಗಳಿಗೆ ಒಲಿದರು. ಅವರ ಗಾಂಧೀಭಕ್ತಿಯು ಪುಸ್ತಕಗಳ ರೂಪದಲ್ಲಿ ಫಲ ಕೊಟ್ಟಿತು. ಸತ್ಯಶೋಧನ ಪ್ರಕಟನ ಮಂದಿರವೆಂಬ ಪ್ರಕಾಶನ ಸಂಸ್ಥೆಯನ್ನು ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದರು. ಸತ್ಯವನ್ನು ಅರಸುವುದೇ ಬಾಳಿನ ಉದ್ದೇಶವೆಂದ ಮಹಾತ್ಮರ ನೆನಪು ಆ ಹೆಸರಿನಲ್ಲಿಯೇ ಇದೆ.

ಅಂದಿನ ಕನ್ನಡ ಪ್ರಕಾಶನದ ಸ್ಥಿತಿಯನ್ನು ಬಲ್ಲವರಿಗೆ ಈ ಸಾಹಸದ ಮಹತ್ವ ತಿಳಿಯುತ್ತದೆ. ಕನ್ನಡನಾಡು ಐದಾರು ಆಡಳಿತಗಳಲ್ಲಿ ಹಂಚಿಹೋಗಿತ್ತು. ಓದಬಲ್ಲವರೇ ಕಡಮೆ, ಅವರಲ್ಲಿ ಕೊಂಡು ಓದುವವರು ಇನ್ನೂ ಕಡಮೆ. ಲೇಖಕನೇ ಸಾಲ ಮಾಡಿ ಅಚ್ಚು ಹಾಕಿಸಿ, ತಾನೇ ಪುಸ್ತಕದ ಗಂಟನ್ನು ಹೊತ್ತು ಊರೂರು ಅಲೆದು ಮಾರುತ್ತಿದ್ದುದು ಅಪೂರ್ವವೇನೂ ಆಗಿರಲಿಲ್ಲ. ಅಂಥ ಕಾಲದಲ್ಲಿ ಶಿವರಾಮ ಕಾರಂತರು ಮಕ್ಕಳಿಗಾಗಿ ಒಂದು ವಿಶ್ವಕೋಶವನ್ನು ಸಿದ್ಧಪಡಿಸುವ ಮಹತ್ತಾದ ಕಾರ್ಯಕ್ಕೆ ಕೈಯಿಕ್ಕಿದರು. ಆಕಾಶ, ಭೂಮಿ, ಸಸ್ಯ, ಪ್ರಾಣಿ, ಮನುಷ್ಯ ಇವುಗಳ ವಿಚಾರವನ್ನು ಚಿತ್ರಸಹಿತ ತಿಳಿಸುವ ಬಾಲಪ್ರಪಂಚದ ಮೂರು ಸಂಪುಟಗಳು 1930ರ ದಶಕದಲ್ಲಿ ಹೊರಬಂದಾಗ, ಅವನ್ನು ಪ್ರಕಟಿಸುವ ಭಾರವನ್ನು ಹೊತ್ತದ್ದು ಸತ್ಯಶೋಧನ ಪ್ರಕಟನ ಮಂದಿರವೇ. ಲಾಭದ ಲೆಕ್ಕ ಹಾಕುವ ವ್ಯಾಪಾರಿ ಇಂಥ ಪುಸ್ತಕದ ಹತ್ತಿರ ಸುಳಿಯುತ್ತಿರಲಿಲ್ಲ. ಕನ್ನಡದ ಮಗು ತನ್ನ ನುಡಿಯಲ್ಲಿಯೇ ಜಗತ್ತನ್ನು ಅರಿಯಬೇಕೆಂಬ ಆಸೆಯೇ ಅದರ ಬಂಡವಾಳ. ಡಿ.ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯೊಡನೆಯೂ ಶ್ರೀನಿವಾಸರಾಯರಿಗೆ ನಿಕಟ ಸಂಬಂಧವಿತ್ತು. ಪ್ರಜಾರಾಜ್ಯದಲ್ಲಿ ಪ್ರಜೆಗೆ ತಿಳಿವಳಿಕೆಯೇ ಮೊದಲ ರಕ್ಷೆ ಎಂಬುದು ಆ ಸಂಸ್ಥೆಯ ತತ್ತ್ವ. ಈ ತತ್ತ್ವವನ್ನು ಅವರು ವಕೀಲರಾಗಿದ್ದಾಗಲೇ ಆಚರಣೆಗೆ ತಂದಿದ್ದರು.

ವಕೀಲಿ ವೃತ್ತಿಯಲ್ಲಿ ಹೆಸರು ಗಳಿಸಿದ ಅವರು 1950ರ ದಶಕದಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಪೀಠವನ್ನೇರಿದರು. ಈ ನ್ಯಾಯಾಲಯಕ್ಕೆ ದೀರ್ಘವಾದ ಇತಿಹಾಸವಿದೆ. 1884ರಲ್ಲಿ ಮೈಸೂರಿನ ಚೀಫ್ ಕೋರ್ಟಾಗಿ ಆರಂಭವಾಗಿ, 1930ರಲ್ಲಿ ಹೈಕೋರ್ಟು ಎಂಬ ಹೆಸರನ್ನು ಪಡೆದ ಅದರ ನೆಲೆ ಬೆಂಗಳೂರಿನ ಕೆಂಪು ಬಣ್ಣದ ಅಠಾರಾ ಕಚೇರಿ. 1956ನೆಯ ನವೆಂಬರ್ 1ರಂದು ಕನ್ನಡನಾಡು ಒಂದಾದಾಗ ಆ ಕಟ್ಟಡದೊಳಗಿನ ಕೆಲಸದ ಸ್ವರೂಪವೇ ಬದಲಾಯಿತು. ಅಂದಿನವರೆಗೆ ಹಳೆಯ ಮೈಸೂರಿನ ಮೊಕದ್ದಮೆಗಳನ್ನಷ್ಟೇ ನೋಡುತ್ತಿದ್ದ ನ್ಯಾಯಾಲಯಕ್ಕೆ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳ ಜನರೂ, ಕಲಬುರ್ಗಿ, ಬೀದರ, ರಾಯಚೂರುಗಳ ಜನರೂ, ಮಂಗಳೂರು ಮತ್ತು ಕೊಡಗಿನ ಜನರೂ ನ್ಯಾಯವನ್ನರಸಿ ಬರತೊಡಗಿದರು. ಮುಂಬಯಿ ಪ್ರಾಂತದ ಗೇಣಿ ಕಾನೂನು ಒಂದು ಬಗೆ, ಹೈದರಾಬಾದಿನದು ಮತ್ತೊಂದು ಬಗೆ. ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡದ ಮೂಲಗೇಣಿ, ಚಾಲಗೇಣಿಗಳ ಪದ್ಧತಿ ಬೇರೆಯೇ. ಒಂದೆಡೆಯ ದಾಖಲೆ ಉರ್ದುವಿನಲ್ಲಿದ್ದರೆ ಇನ್ನೊಂದೆಡೆಯದು ಮರಾಠಿಯಲ್ಲಿ. ನುಡಿ ಒಂದಾಗಿದ್ದರೂ ಕಾನೂನು ಹಲವಾಗಿದ್ದ ಆ ಸಂಧಿಕಾಲದಲ್ಲಿ ನ್ಯಾಯಾಧೀಶರಿಗೆ ಪಾಂಡಿತ್ಯದಷ್ಟೇ ತಾಳ್ಮೆಯೂ ಬೇಕಾಗಿತ್ತು. ದೂರದ ಜಿಲ್ಲೆಯವನಿಗೆ ತನ್ನ ಮಾತನ್ನು ಕೇಳುವವರಿಲ್ಲವೆಂಬ ಭಾವನೆ ಬಾರದಂತೆ ನೋಡಿಕೊಳ್ಳುವುದೂ ನ್ಯಾಯದಾನದ ಒಂದು ಭಾಗವಾಗಿತ್ತು. ಅಂದಿನ ನ್ಯಾಯಮೂರ್ತಿಗಳಲ್ಲಿ ಒಬ್ಬರಾಗಿದ್ದ ಶ್ರೀನಿವಾಸರಾಯರು 1962ರಲ್ಲಿ ಮುಖ್ಯ ನ್ಯಾಯಮೂರ್ತಿಗಳಾದರು. ಅಲ್ಪಕಾಲ ರಾಜ್ಯದ ಹಂಗಾಮಿ ರಾಜ್ಯಪಾಲರಾಗಿಯೂ ಕಾರ್ಯನಿರ್ವಹಿಸಿದರು.

ಆಗ ಹೈಕೋರ್ಟಿನ ನ್ಯಾಯಾಧೀಶರ ನಿವೃತ್ತಿಯ ವಯಸ್ಸು ಅರುವತ್ತು. 1963ರಲ್ಲಿ ಶ್ರೀನಿವಾಸರಾಯರು ಆ ಎಲ್ಲೆಯನ್ನು ಮುಟ್ಟಿ ನಿವೃತ್ತರಾದರು. ಆ ವರ್ಷದ ಅಕ್ಟೋಬರಿನಲ್ಲಿಯೇ ಸಂವಿಧಾನದ ತಿದ್ದುಪಡಿಯಿಂದ ಆ ವಯಸ್ಸು ಅರುವತ್ತೆರಡಕ್ಕೆ ಏರಿತು. ಕೆಲವು ವಾರಗಳ ಅಂತರದಲ್ಲಿ ಎರಡು ವರ್ಷಗಳ ಅಧಿಕಾರಾವಧಿ ಅವರ ಕೈತಪ್ಪಿದಂತಾಯಿತು. ಆದರೆ ಆ ತಪ್ಪುವಿಕೆಯೇ ಅವರನ್ನು ಇನ್ನೊಂದು ಹೊಣೆಗೆ ಬಿಡುವಾಗಿರಿಸಿತು. ಆ ಹೊಣೆಯ ಭಾರವನ್ನು ತಿಳಿಯಬೇಕಾದರೆ ದೇಶದ ಅಂದಿನ ಸ್ಥಿತಿಯತ್ತ ಒಮ್ಮೆ ತಿರುಗಿ ನೋಡಬೇಕು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಬೇಕಾದ ಸಾಮಗ್ರಿಗಳನ್ನು ಸರಕಾರವು ಅಪಾರ ಪ್ರಮಾಣದಲ್ಲಿ ಕೊಳ್ಳಬೇಕಾಯಿತು. ಹಣ ನೀರಿನಂತೆ ಹರಿದಲ್ಲಿ ಕೈ ಒದ್ದೆ ಮಾಡಿಕೊಳ್ಳುವವರೂ ಹುಟ್ಟಿಕೊಂಡರು. ಗುತ್ತಿಗೆದಾರರಿಂದ ಲಂಚ ಪಡೆದು ಕಳಪೆ ಸರಕನ್ನು ಒಪ್ಪಿಕೊಳ್ಳುವ ಅಧಿಕಾರಿಗಳನ್ನು ಹಿಡಿಯಲೆಂದು 1941ರಲ್ಲಿ ವಿಶೇಷ ಪೊಲೀಸ್ ಪಡೆಯೊಂದನ್ನು ನೇಮಿಸಲಾಯಿತು. ಯುದ್ಧ ಮುಗಿದರೂ ಪಿಡುಗು ಮುಗಿಯಲಿಲ್ಲ. 1947ರಲ್ಲಿ ಭ್ರಷ್ಟಾಚಾರ ತಡೆಯುವ ಕಾನೂನೊಂದು ಜಾರಿಗೆ ಬಂದಿತು. ಸ್ವಾತಂತ್ರ್ಯಾನಂತರ ಪಂಚವಾರ್ಷಿಕ ಯೋಜನೆಗಳು ಬಂದವು. ಕಾರ್ಖಾನೆ ತೆರೆಯಲು, ಸರಕು ತರಿಸಲು, ಸಿಮೆಂಟು ಪಡೆಯಲು ಲೈಸೆನ್ಸು, ಪರ್ಮಿಟ್ಟುಗಳ ಏರ್ಪಾಡಾಯಿತು. ಕೊರತೆಯ ದಿನಗಳಲ್ಲಿ ಇದ್ದುದನ್ನು ನ್ಯಾಯವಾಗಿ ಹಂಚುವುದೇ ಆ ಏರ್ಪಾಡಿನ ಉದ್ದೇಶ. ಆದರೆ ಕಾಗದದ ಮೇಲೆ ಬೀಳುವ ಒಂದು ಸಹಿಗೆ ಬೆಲೆ ಬಂದಾಗ, ಆ ಸಹಿಯನ್ನು ಮಾರುವವರೂ ಕೊಳ್ಳುವವರೂ ಕಾಣಿಸಿಕೊಂಡರು. ಜೀವ ವಿಮಾ ನಿಗಮದ ಹಣವನ್ನು ಮುಂಧ್ರಾ ಎಂಬ ವ್ಯಾಪಾರಿಯ ಕಂಪೆನಿಗಳಲ್ಲಿ ತೊಡಗಿಸಿದ ವಿಚಾರ ಲೋಕಸಭೆಯಲ್ಲಿ ಕೋಲಾಹಲವನ್ನೆಬ್ಬಿಸಿತು. ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಚಾಗ್ಲಾ ಅವರು ಬಹಿರಂಗ ವಿಚಾರಣೆ ನಡೆಸಿದರು. 1958ರಲ್ಲಿ ಅರ್ಥಮಂತ್ರಿಗಳು ರಾಜೀನಾಮೆ ಕೊಟ್ಟರು. ಆಡಳಿತದ ಮೇಲಿನ ವಿಶ್ವಾಸ ಅಲುಗಾಡಿದಾಗ ಜನ ನ್ಯಾಯಾಧೀಶರ ಕಡೆಗೆ ನೋಡುತ್ತಾರೆಂಬುದನ್ನು ಆ ಪ್ರಸಂಗ ತೋರಿಸಿಕೊಟ್ಟಿತು.

1962ರಲ್ಲಿ ಪಾರ್ಲಿಮೆಂಟಿನಲ್ಲಿ ಈ ವಿಷಯ ಮತ್ತೆ ಚರ್ಚೆಗೆ ಬಂದಾಗ, ಗೃಹಮಂತ್ರಿಗಳಾಗಿದ್ದ ಲಾಲ್ ಬಹಾದೂರ್ ಶಾಸ್ತ್ರಿಯವರು ಕೆ. ಸಂತಾನಂ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಭ್ರಷ್ಟಾಚಾರ ಹೇಗೆ ಹುಟ್ಟುತ್ತದೆ, ಅದನ್ನು ತಡೆಯುವ ಉಪಾಯಗಳಾವುವು ಎಂಬುದನ್ನು ಆ ಸಮಿತಿ ಆಳವಾಗಿ ಪರಿಶೀಲಿಸಿತು. ಕೆಲಸದಲ್ಲಿ ಅನಗತ್ಯ ವಿಳಂಬ, ಅಧಿಕಾರಿಗಳ ಕೈಯಲ್ಲಿ ಮಿತಿಮೀರಿದ ವಿವೇಚನಾಧಿಕಾರ, ತೊಡಕಿನ ನಿಯಮಗಳು ಇವೇ ಲಂಚಕ್ಕೆ ತೆರೆದ ಬಾಗಿಲುಗಳು ಎಂದು ಅದು ಗುರುತಿಸಿತು. ಈ ನಡುವೆ, 1963ನೆಯ ಏಪ್ರಿಲ್ 1ರಂದು, ಹಳೆಯ ವಿಶೇಷ ಪೊಲೀಸ್ ಪಡೆಯನ್ನು ಒಳಗೊಂಡ ಕೇಂದ್ರೀಯ ತನಿಖಾ ದಳ ಅಸ್ತಿತ್ವಕ್ಕೆ ಬಂದಿತು. ಸಮಿತಿಯ ಸಲಹೆಯಂತೆ 1964ನೆಯ ಫೆಬ್ರವರಿ 11ರ ಸರಕಾರಿ ನಿರ್ಣಯವು ಕೇಂದ್ರ ಜಾಗೃತ ಆಯೋಗವನ್ನು ಸ್ಥಾಪಿಸಿತು. ಅದೇ ತಿಂಗಳಿನಲ್ಲಿ ಶ್ರೀನಿವಾಸರಾಯರು ಅದರ ಪ್ರಥಮ ಆಯುಕ್ತರಾಗಿ ದೆಹಲಿಯಲ್ಲಿ ಅಧಿಕಾರ ವಹಿಸಿಕೊಂಡರು.

ಆಯೋಗವೆಂದರೆ ಹಲವು ಸದಸ್ಯರ ಮಂಡಲಿಯೆಂದು ಭಾವಿಸುವುದು ಸಹಜ. ಆದರೆ ಅಂದು ಇದ್ದದ್ದು ಒಬ್ಬರೇ ಆಯುಕ್ತರು. ಒಂದಕ್ಕಿಂತ ಹೆಚ್ಚು ಸದಸ್ಯರ ಏರ್ಪಾಡು ಬಂದದ್ದು 1998ರ ಅನಂತರ. ಅವರಿಗೆ ಮೊದಲೇ ಹಾಕಿಕೊಟ್ಟ ಹಾದಿಯೂ ಇರಲಿಲ್ಲ. ಆಯುಕ್ತರ ಅಧಿಕಾರಾವಧಿ ಆರು ವರ್ಷ, ಇಲ್ಲವೆ ಅರುವತ್ತೈದು ವಯಸ್ಸು ತುಂಬುವವರೆಗೆ; ಇವೆರಡರಲ್ಲಿ ಯಾವುದು ಮೊದಲೋ ಅದು. ಆ ಸ್ಥಾನದಿಂದ ಇಳಿದ ಮೇಲೆ ಅವರು ಕೇಂದ್ರದಲ್ಲಾಗಲಿ ರಾಜ್ಯಗಳಲ್ಲಾಗಲಿ ಸರಕಾರದ ಬೇರೆ ಉದ್ಯೋಗವನ್ನು ಸ್ವೀಕರಿಸುವಂತಿರಲಿಲ್ಲ. ಮುಂದಿನ ಪದವಿಯ ಆಸೆ ಇಂದಿನ ನಿರ್ಧಾರವನ್ನು ಬಾಗಿಸಬಾರದೆಂಬುದು ಈ ನಿಯಮದ ಆಶಯ.

ಆಯೋಗದ ಕೆಲಸದ ಕ್ರಮ ಹೀಗಿತ್ತು. ಕೇಂದ್ರ ಸರಕಾರದ ನೌಕರನೊಬ್ಬನ ಮೇಲೆ ಲಂಚದ ಇಲ್ಲವೆ ಅಧಿಕಾರ ದುರುಪಯೋಗದ ದೂರು ಬಂದರೆ, ಆಯೋಗವು ಅದನ್ನು ಸಂಬಂಧಪಟ್ಟ ಮಂತ್ರಾಲಯಕ್ಕೆ ಕಳುಹಿಸಿ ವಿಚಾರಣೆ ಮಾಡಿಸಬಹುದು; ಇಲ್ಲವೆ ಕೇಂದ್ರೀಯ ತನಿಖಾ ದಳಕ್ಕೆ ಒಪ್ಪಿಸಬಹುದು. ಪ್ರತಿಯೊಂದು ಮಂತ್ರಾಲಯದಲ್ಲಿಯೂ ಇದಕ್ಕಾಗಿ ಮುಖ್ಯ ಜಾಗೃತಾಧಿಕಾರಿಯೊಬ್ಬನಿರುತ್ತಾನೆ. ತನಿಖೆಯ ವರದಿ ಬಂದ ಮೇಲೆ ಆಯೋಗವು ಅದನ್ನು ಪರಿಶೀಲಿಸಿ, ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಬೇಕೆ, ಇಲಾಖಾ ವಿಚಾರಣೆ ನಡೆಸಬೇಕೆ, ಅಥವಾ ದೂರನ್ನು ಕೈಬಿಡಬೇಕೆ ಎಂದು ಸಲಹೆ ಕೊಡುತ್ತದೆ. ಇಲ್ಲಿ ಸಲಹೆ ಎಂಬ ಮಾತನ್ನು ಗಮನಿಸಬೇಕು. ಹೈಕೋರ್ಟಿನ ಪೀಠದಲ್ಲಿ ಕುಳಿತಿದ್ದಾಗ ಶ್ರೀನಿವಾಸರಾಯರು ಬರೆದದ್ದು ತೀರ್ಪು. ಅದನ್ನು ಸರಕಾರವೂ ಪಾಲಿಸಬೇಕಾಗಿತ್ತು. ಜಾಗೃತ ಆಯುಕ್ತರಾಗಿ ಅವರು ಬರೆಯುತ್ತಿದ್ದುದು ಸಲಹೆ. ಅದನ್ನು ಮಂತ್ರಾಲಯ ಒಪ್ಪಬಹುದು, ಒಪ್ಪದಿರಲೂಬಹುದು. ಒಬ್ಬ ಗುಮಾಸ್ತನನ್ನು ಕೂಡ ತಾವಾಗಿ ಕೆಲಸದಿಂದ ತೆಗೆಯುವ ಅಧಿಕಾರ ಅವರಿಗಿರಲಿಲ್ಲ.

ಹಾಗಾದರೆ ಆ ಸ್ಥಾನದ ಬಲವೆಲ್ಲಿತ್ತು? ಆಯೋಗದ ವಾರ್ಷಿಕ ವರದಿ ಪಾರ್ಲಿಮೆಂಟಿನ ಮುಂದೆ ಬರಬೇಕಾಗಿತ್ತು. ಯಾವ ಸಲಹೆಯನ್ನು ಸರಕಾರ ತಳ್ಳಿಹಾಕಿತೋ ಅದು ಆ ವರದಿಯಲ್ಲಿ ಕಾಣಿಸಿಕೊಳ್ಳುತ್ತಿತ್ತು. ಕಡತದೊಳಗೆ ಮುಚ್ಚಿಹೋಗಬಹುದಾಗಿದ್ದ ವಿಷಯ ಜನಪ್ರತಿನಿಧಿಗಳ ಕಣ್ಣಿಗೆ ಬೀಳುತ್ತಿತ್ತು. ಅದಕ್ಕಿಂತ ಹೆಚ್ಚಿನ ಬಲ ಸಲಹೆ ಕೊಡುವವನ ನಿಷ್ಪಕ್ಷಪಾತದಲ್ಲಿಯೇ ಇತ್ತು. ದಂಡವಿಲ್ಲದ ಅಧಿಕಾರಿಯ ಮಾತನ್ನು ಜನ ಕೇಳಬೇಕಾದರೆ, ಆ ಮಾತು ಸಾಕ್ಷ್ಯದ ಮೇಲೆ ನಿಂತಿರಬೇಕು. ಹೇಳಿದವನಿಗೆ ಭಯವಾಗಲಿ ದಾಕ್ಷಿಣ್ಯವಾಗಲಿ ಇರಬಾರದು. ನ್ಯಾಯಪೀಠದ ಅನುಭವವುಳ್ಳವರನ್ನೇ ಈ ಸ್ಥಾನಕ್ಕೆ ಮೊದಲು ಕರೆತಂದುದರ ಔಚಿತ್ಯ ಇದರಿಂದ ತಿಳಿಯುತ್ತದೆ.

ಈ ಕೆಲಸದ ಪ್ರಯೋಜನವನ್ನು ಅರಿಯಲು ದೆಹಲಿಯ ಕಚೇರಿಗಳನ್ನೇ ನೋಡಬೇಕಾಗಿಲ್ಲ. ಮಳವಳ್ಳಿ ತಾಲ್ಲೂಕಿನ ಬಂಡೂರಿನಂಥ ಒಂದು ಹಳ್ಳಿಯನ್ನು ನೆನೆದರೆ ಸಾಕು. ಕುರಿಯ ತಳಿಯೊಂದಕ್ಕೆ ತನ್ನ ಹೆಸರನ್ನಿತ್ತ ಊರು ಅದು. ಅಲ್ಲಿ ರಾಗಿ ಬೆಳೆದು ಕುರಿ ಸಾಕಿ ಬದುಕುವ ರೈತನಿಗೆ ದಿಲ್ಲಿಯ ಸರಕಾರ ಬಲು ದೂರದ್ದು. ಆದರೂ ಪಟ್ಟಣದಲ್ಲಿರುವ ಮಗ ಕಳುಹಿಸುವ ಮನಿಯಾರ್ಡರು ಅವನ ಕೈಸೇರುತ್ತಿದ್ದುದು ಕೇಂದ್ರದ ಅಂಚೆ ಇಲಾಖೆಯ ಮೂಲಕ. ಸರಕನ್ನು ದೂರದೂರಿಗೆ ಕಳುಹಿಸಬೇಕಾದರೆ ಮದ್ದೂರಿನ ರೈಲು ನಿಲ್ದಾಣಕ್ಕೆ ಹೋಗಬೇಕು, ಅದೂ ಕೇಂದ್ರದ್ದೇ. ಆ ಕಿಂಡಿಯ ಆಚೆಗೆ ಕುಳಿತವನು ಎಂಟಾಣೆ ಹೆಚ್ಚು ಕೇಳಿದರೆ ರೈತನು ಏನು ಮಾಡಬಲ್ಲ? ಎಂಟಾಣೆ ಸಣ್ಣ ಹಣವಾದರೂ, ತನಗೆ ಹಕ್ಕಾಗಿ ಬರಬೇಕಾದುದನ್ನು ಬೇಡಿ ಪಡೆಯುವ ಅವಮಾನ ಸಣ್ಣದಲ್ಲ. ಒಂದು ಕಾಗದ ಬರೆದು ಹಾಕಿದರೆ ಅದನ್ನು ಓದುವವರೊಬ್ಬರಿದ್ದಾರೆ, ಅವರು ಆ ಇಲಾಖೆಗೆ ಸೇರಿದವರಲ್ಲ ಎಂಬ ಭರವಸೆಯನ್ನು ಹೊಸ ಆಯೋಗ ಜನತೆಗೆ ನೀಡಬೇಕಾಗಿತ್ತು.

ಆದರೆ ಇದೇ ಕಾಗದಕ್ಕೆ ಇನ್ನೊಂದು ಮುಖವೂ ಉಂಟು. ಕಚೇರಿಗಳಲ್ಲಿ ಮೂಗರ್ಜಿಗಳಿಗೆ ಬರವಿಲ್ಲ. ಬಡ್ತಿಯಲ್ಲಿ ಹಿಂದುಳಿದವನು ಮುಂದೆ ಹೋದವನ ಮೇಲೆ, ಗುತ್ತಿಗೆ ಸಿಗದವನು ಕೊಡದ ಅಧಿಕಾರಿಯ ಮೇಲೆ ಹೆಸರಿಲ್ಲದ ದೂರು ಬರೆಯುವುದುಂಟು. ಪ್ರಾಮಾಣಿಕನಾದ ಅಧಿಕಾರಿಯೇ ಹಲವು ವೇಳೆ ಹೆಚ್ಚು ಶತ್ರುಗಳನ್ನು ಸಂಪಾದಿಸಿಕೊಳ್ಳುತ್ತಾನೆ. ಒಮ್ಮೆ ವಿಚಾರಣೆ ಆರಂಭವಾಯಿತೆಂದರೆ, ಕೊನೆಗೆ ನಿರ್ದೋಷಿಯೆಂದು ಸಿದ್ಧವಾದರೂ, ನಡುವಣ ವರ್ಷಗಳಲ್ಲಿ ಅವನು ಅನುಭವಿಸುವ ಸಂಕಟಕ್ಕೆ ಪರಿಹಾರವಿಲ್ಲ. ಬಂದ ದೂರನ್ನೆಲ್ಲ ನಂಬಿದರೆ ಒಳ್ಳೆಯ ಅಧಿಕಾರಿಗಳು ಹೆದರಿ ಯಾವ ಕಡತಕ್ಕೂ ಸಹಿ ಹಾಕದಂತಾಗುತ್ತಾರೆ. ದೂರುಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿದರೆ ಕೆಟ್ಟವರಿಗೆ ಲಂಗುಲಗಾಮಿಲ್ಲದಂತಾಗುತ್ತದೆ. ಈ ಇಕ್ಕಟ್ಟಿನ ನಡುವಣ ದಾರಿಯಲ್ಲಿ ನಡೆಯುವುದೇ ಜಾಗೃತ ಆಯುಕ್ತರ ನಿತ್ಯದ ಪರೀಕ್ಷೆ.

ಇಲ್ಲಿ ಕಾನೂನಿನ ಜ್ಞಾನವೂ ಅತ್ಯಗತ್ಯ. ಸಂವಿಧಾನದ 311ನೆಯ ಅನುಚ್ಛೇದವು ಸರಕಾರಿ ನೌಕರನಿಗೆ ಒಂದು ರಕ್ಷಣೆಯನ್ನು ಕೊಟ್ಟಿದೆ. ಅವನ ಮೇಲಿನ ಆರೋಪಗಳೇನೆಂಬುದನ್ನು ತಿಳಿಸಿ, ತನ್ನ ಪರವಾಗಿ ಹೇಳಿಕೊಳ್ಳಲು ಯುಕ್ತವಾದ ಅವಕಾಶ ಕೊಡದೆ ಅವನನ್ನು ವಜಾ ಮಾಡುವಂತಿಲ್ಲ. ಸಾಕ್ಷಿಗಳನ್ನು ಅವನು ಪಾಟೀಸವಾಲು ಮಾಡಬಹುದು, ದಾಖಲೆಗಳನ್ನು ನೋಡಬಹುದು. ಈ ಕ್ರಮವನ್ನು ಅವಸರದಲ್ಲಿ ಮೀರಿದ ವಿಚಾರಣೆಗಳು ನ್ಯಾಯಾಲಯದಲ್ಲಿ ಬಿದ್ದುಹೋಗುತ್ತವೆ. ನಿಜವಾದ ಅಪರಾಧಿಯೂ ತಪ್ಪಿಸಿಕೊಳ್ಳುತ್ತಾನೆ. ಆದುದರಿಂದ ಆರೋಪಿಗೆ ನ್ಯಾಯ ದೊರಕಿಸುವುದಕ್ಕೂ ಅಪರಾಧಿಗೆ ಶಿಕ್ಷೆ ಕೊಡಿಸುವುದಕ್ಕೂ ವಿರೋಧವಿಲ್ಲ. ಸರಿಯಾದ ಕ್ರಮದಲ್ಲಿ ನಡೆದ ವಿಚಾರಣೆಯೊಂದೇ ಎರಡನ್ನೂ ಸಾಧಿಸಬಲ್ಲುದು. ಗಂಭೀರ ಪ್ರಕರಣಗಳಲ್ಲಿ ಇಲಾಖಾ ವಿಚಾರಣೆ ನಡೆಸುವ ಆಯುಕ್ತರನ್ನು ಜಾಗೃತ ಆಯೋಗಕ್ಕೆ ಹೊಂದಿಸಿದುದೂ ಇದೇ ಕಾರಣದಿಂದ. ವಿಚಾರಣೆ ಮಾಡುವವನು ಆರೋಪಿಯ ಮೇಲಧಿಕಾರಿಯಾಗಿರದೆ ಹೊರಗಿನವನಾಗಿದ್ದರೆ ಎರಡು ಕಡೆಗೂ ಕ್ಷೇಮ. ಅದೇ ಕಾಲದಲ್ಲಿ ಸರಕಾರಿ ನೌಕರರ ನಡತೆಯ ನಿಯಮಗಳು 1964ರಲ್ಲಿಯೂ, ಶಿಸ್ತುಕ್ರಮದ ನಿಯಮಗಳು 1965ರಲ್ಲಿಯೂ ಹೊಸ ರೂಪ ತಾಳಿದವು; 1964ರ ಕೊನೆಯಲ್ಲಿ ಭ್ರಷ್ಟಾಚಾರ ವಿರೋಧಿ ಕಾನೂನುಗಳಿಗೂ ತಿದ್ದುಪಡಿಯಾಯಿತು. ಆಯೋಗದ ಮೊದಲ ವರ್ಷಗಳು ಹೀಗೆ ಶಿಸ್ತಿನ ಇಡೀ ಕಟ್ಟಡವೇ ಮರಳಿ ಕಟ್ಟಿಕೊಳ್ಳುತ್ತಿದ್ದ ವರ್ಷಗಳಾಗಿದ್ದವು.

ಆ ಕಟ್ಟಡದಲ್ಲಿ ಕೊರತೆಗಳಿಲ್ಲದೆ ಇರಲಿಲ್ಲ. ಸಂತಾನಂ ಸಮಿತಿ ಬಯಸಿದ್ದ ಆಯೋಗ ಇನ್ನೂ ವಿಶಾಲವಾದುದು. ಆಡಳಿತದಿಂದ ನೊಂದ ಪ್ರಜೆಗಳ ಸಾಮಾನ್ಯ ಕುಂದುಕೊರತೆಗಳನ್ನೂ ಅದು ನೋಡಬೇಕೆಂದು ಸಮಿತಿ ಸೂಚಿಸಿತ್ತು. ಸರಕಾರ ಆ ಭಾಗವನ್ನು ಕೈಬಿಟ್ಟಿತು. ಆಯೋಗಕ್ಕೆ ಪಾರ್ಲಿಮೆಂಟಿನ ಕಾಯಿದೆಯ ಆಧಾರವಿರಲಿಲ್ಲ. ಸರಕಾರದ ಒಂದು ನಿರ್ಣಯದಿಂದ ಹುಟ್ಟಿದ ಸಂಸ್ಥೆಯನ್ನು ಇನ್ನೊಂದು ನಿರ್ಣಯದಿಂದ ಅಳಿಸಿಬಿಡಬಹುದಾಗಿತ್ತು. ಮಂತ್ರಿಗಳ ನಡತೆ ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ. ದೊಡ್ಡ ಮೀನುಗಳು ಬಲೆಯ ಹೊರಗೇ ಉಳಿಯುತ್ತವೆ ಎಂಬ ಟೀಕೆಗೆ ಇದರಿಂದ ಎಡೆಯಾಯಿತು. ಆ ಕೊರತೆಯನ್ನು ತುಂಬಲೆಂದು ಲೋಕಪಾಲ ಮಸೂದೆಯು ಮೊದಲ ಬಾರಿಗೆ ಲೋಕಸಭೆಯ ಮುಂದೆ ಬಂದದ್ದು 1968ರಲ್ಲಿ. ಅದು ಕಾಯಿದೆಯಾಗಲು 2013ರವರೆಗೆ ಕಾಯಬೇಕಾಯಿತು. ಕೈಯಲ್ಲಿದ್ದ ಸಾಧನ ಕಿರಿದಾಗಿದ್ದರೂ ಅದರಿಂದಲೇ ಕೆಲಸ ಆರಂಭಿಸುವ ಹೊಣೆ ಮೊದಲ ಆಯುಕ್ತರದಾಗಿತ್ತು.

ಶ್ರೀನಿವಾಸರಾಯರು ನಾಲ್ಕೂವರೆ ವರ್ಷಗಳ ಕಾಲ ಆ ಸ್ಥಾನದಲ್ಲಿದ್ದರು. ಅವರು ಅಧಿಕಾರ ವಹಿಸಿಕೊಂಡ ಮೂರು ತಿಂಗಳಲ್ಲಿ ನೆಹರೂ ಅವರು ತೀರಿಕೊಂಡರು. ಆಯೋಗಕ್ಕೆ ಕಾರಣವಾದ ಸಮಿತಿಯನ್ನು ನೇಮಿಸಿದ್ದ ಶಾಸ್ತ್ರಿಯವರು ಪ್ರಧಾನಿಗಳಾಗಿ, 1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ ಮರಣ ಹೊಂದಿದರು. ಅನಂತರ ಇಂದಿರಾ ಗಾಂಧಿಯವರ ಸರಕಾರ ಬಂದಿತು. 1965ರಲ್ಲಿ ಯುದ್ಧ, ಅದರ ಬೆನ್ನಿಗೆ ಬರಗಾಲ, 1967ರಲ್ಲಿ ಮಹಾಚುನಾವಣೆ ಹೀಗೆ ದೇಶ ಒಂದಾದ ಮೇಲೊಂದು ಕಷ್ಟಕಾಲವನ್ನು ದಾಟುತ್ತಿತ್ತು. ಸರಕಾರಗಳು ಬದಲಾದರೂ ಬದಲಾಗದ ಒಂದು ಅಳತೆಗೋಲು ಆಡಳಿತಕ್ಕೆ ಬೇಕು. ಆ ವರ್ಷಗಳಲ್ಲಿ ಅದನ್ನು ನೆಟ್ಟಗೆ ಹಿಡಿದಿರುವ ಕೆಲಸ ಅವರ ಪಾಲಿಗೆ ಬಂದಿತ್ತು. 1968ನೆಯ ಆಗಸ್ಟ್ 23ರಂದು, ಅರುವತ್ತೈದು ತುಂಬುವ ಹಿಂದಿನ ದಿನ, ಅವರು ಸ್ಥಾನವನ್ನು ಬಿಟ್ಟಿಳಿದರು. ವಿದೇಶಾಂಗ ಕಾರ್ಯದರ್ಶಿಗಳಾಗಿದ್ದ ಸುಬಿಮಲ್ ದತ್ತರು ಅವರ ಅನಂತರದ ಆಯುಕ್ತರಾದರು. ಮುಂದೆ ಈ ಪದವಿಗೆ ಬಂದವರಲ್ಲಿ ಬಹುಪಾಲು ಜನ ಆಡಳಿತ ಸೇವೆಯ ಹಿರಿಯರೇ.

ಕರ್ನಾಟಕದಲ್ಲಾದರೋ ನ್ಯಾಯಾಧೀಶರ ಕೈಗೆ ಈ ಕೆಲಸವನ್ನು ಒಪ್ಪಿಸುವ ಕ್ರಮ ಮುಂದೆ ಇನ್ನೊಂದು ಬಗೆಯಲ್ಲಿ ನೆಲೆಗೊಂಡಿತು. 1984ರ ಕಾಯಿದೆಯಂತೆ 1986ರಲ್ಲಿ ಲೋಕಾಯುಕ್ತ ಸಂಸ್ಥೆ ಅಸ್ತಿತ್ವಕ್ಕೆ ಬಂದಾಗ, ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಡಿ. ಕೋಶಲ್ ಅವರು ಮೊದಲ ಲೋಕಾಯುಕ್ತರಾದರು. ಆ ಸಂಸ್ಥೆಗೆ ತನ್ನದೇ ಆದ ಪೊಲೀಸ್ ವಿಭಾಗವೂ ದೊರೆಯಿತು. ಹುಡುಕುವವನ ಚುರುಕು ತೂಗುವವನ ವಿವೇಕಕ್ಕೆ ಅಧೀನವಾಗಿರಬೇಕೆಂಬ ವಿಚಾರವೇ ಅದರ ಹಿಂದೆಯೂ ಇತ್ತು.

ದೆಹಲಿಯಿಂದ ಮರಳಿದ ಮೇಲೆ ಶ್ರೀನಿವಾಸರಾಯರು ಮತ್ತೆ ಮೂವತ್ತಾರು ವರ್ಷ ಬದುಕಿದ್ದರು. ಬೆಂಗಳೂರಿನ ಸಾರ್ವಜನಿಕ ಜೀವನದಲ್ಲಿ ಅವರು ಎಲ್ಲರೂ ಗೌರವಿಸುವ ಹಿರಿಯರಾಗಿದ್ದರು. ಎತ್ತಿನ ಗಾಡಿಯ ಬೆಂಗಳೂರನ್ನು ಕಂಡ ಕಣ್ಣು ಗಣಕಯಂತ್ರಗಳ ಬೆಂಗಳೂರನ್ನೂ ಕಂಡಿತು. 2003ನೆಯ ಆಗಸ್ಟ್ 24ರಂದು ಅವರಿಗೆ ನೂರು ವರ್ಷ ತುಂಬಿತು.

ಅದೇ ವರ್ಷ ಇನ್ನೊಂದು ಸಂಗತಿ ಘಟಿಸಿತು. ಜಾಗೃತ ಆಯೋಗಕ್ಕೆ ಕಾಯಿದೆಯ ಬಲ ಬೇಕೆಂದು ಸುಪ್ರೀಂ ಕೋರ್ಟು 1997ರಲ್ಲಿ ವಿನೀತ್ ನಾರಾಯಣ್ ಪ್ರಕರಣದ ತೀರ್ಪಿನಲ್ಲಿ ನಿರ್ದೇಶಿಸಿತ್ತು. ಅದರಂತೆ ಪಾರ್ಲಿಮೆಂಟು ಅಂಗೀಕರಿಸಿದ ಕೇಂದ್ರ ಜಾಗೃತ ಆಯೋಗದ ಕಾಯಿದೆಗೆ 2003ನೆಯ ಸೆಪ್ಟೆಂಬರ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಸರಕಾರದ ಒಂದು ನಿರ್ಣಯವನ್ನಷ್ಟೇ ಆಧರಿಸಿ ಆರಂಭವಾದ ಸಂಸ್ಥೆ, ಅದರ ಮೊದಲ ಆಯುಕ್ತರ ನೂರನೆಯ ಹುಟ್ಟುಹಬ್ಬ ಕಳೆದು ಹದಿನೆಂಟು ದಿನಗಳಾಗಿದ್ದಾಗ ಕಾನೂನಿನ ಭದ್ರವಾದ ತಳಹದಿಯನ್ನು ಪಡೆಯಿತು. ಮುಂದಿನ ವರ್ಷ, 2004ನೆಯ ಆಗಸ್ಟ್ 12ರಂದು, ಇನ್ನೊಂದು ಹುಟ್ಟುಹಬ್ಬಕ್ಕೆ ಹನ್ನೆರಡು ದಿನಗಳು ಉಳಿದಿರುವಾಗ ಶ್ರೀನಿವಾಸರಾಯರು ನಿಧನರಾದರು.

ಮಕ್ಕಳಿಗೆ ಜಗತ್ತನ್ನು ತಿಳಿಸುವ ಪುಸ್ತಕವನ್ನು ಹೊರತರುವುದು, ನ್ಯಾಯಪೀಠದಲ್ಲಿ ವಾದಿ ಪ್ರತಿವಾದಿಗಳ ಮಾತನ್ನು ತೂಗುವುದು, ದೇಶದ ಆಡಳಿತದಲ್ಲಿ ತಪ್ಪಿ ನಡೆದವರನ್ನು ಗುರುತಿಸುವುದು ಮೇಲುನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಕೆಲಸಗಳು. ತಮ್ಮ ಪ್ರಕಾಶನ ಮಂದಿರಕ್ಕೆ ಅವರು ಇಟ್ಟ ಹೆಸರನ್ನು ನೆನೆದಾಗ ಈ ಮೂರೂ ಒಂದೇ ಕೆಲಸದ ಮೂರು ರೂಪಗಳೆಂದು ಕಾಣುತ್ತದೆ. ಸತ್ಯವನ್ನು ಶೋಧಿಸುವವನಿಗೆ ಇನ್ನೊಬ್ಬನ ತಪ್ಪನ್ನು ಹಿಡಿಯುವ ಉತ್ಸಾಹ ಮಾತ್ರ ಇದ್ದರೆ ಸಾಲದು. ತಾನು ಹಿಡಿದದ್ದು ತಪ್ಪಲ್ಲದಿರಬಹುದೆಂಬ ಎಚ್ಚರವೂ ಇರಬೇಕು. ಜಾಗೃತಿ ಎಂಬ ಮಾತಿನ ಅರ್ಥ ಎಚ್ಚರವೇ. ಇತರರ ವಿಷಯದಲ್ಲಿ ಎಚ್ಚರವಾಗಿರುವುದು ಸುಲಭ; ಅಧಿಕಾರ ಕೈಯಲ್ಲಿದ್ದಾಗ ತನ್ನ ನಿರ್ಣಯದ ವಿಷಯದಲ್ಲಿಯೂ ಎಚ್ಚರವಾಗಿರುವುದು ಕಷ್ಟ. ನ್ಯಾಯಾಧೀಶನ ಈ ಎಚ್ಚರವು ಕೇಂದ್ರ ಜಾಗೃತ ಆಯೋಗಕ್ಕೆ ಅದರ ಹುಟ್ಟಿನ ದಿನಗಳಲ್ಲಿಯೇ ದೊರೆತದ್ದು ನಾಡಿನ ಭಾಗ್ಯ. ಅದನ್ನು ನೀಡಿದವರು ಕನ್ನಡಿಗರೊಬ್ಬರು ಎಂಬುದು ಕನ್ನಡನಾಡಿನ ಹೆಮ್ಮೆ.